ಚಕ್ರದ ಹತ್ತಿರ ಬಂದು ಹೋಗುವ ಕರಕರ ಸದ್ದು: ಹುಡುಕುವ ಬಗೆ

ಕಳೆದ ಮಳೆಗಾಲದ ಮಾತು. ಬೆಳಿಗ್ಗೆ ಮೇಗರವಳ್ಳಿ ದಾಟಿ ಆಗುಂಬೆ ಕಡೆ ಹೋಗುತ್ತಿದ್ದೆ. ಎಮ್ಮೆಯೊಂದು ಕರು ಹಾಕಲು ಕಷ್ಟಪಡುತ್ತಿದೆ ಅಂತ ಫೋನ್ ಬಂದಿತ್ತು. ಬಲಕ್ಕೆ ಒಂದು ತಿರುವು ತೆಗೆದುಕೊಂಡೆ. ಎಡಗಡೆ ಮುಂದಿನ ಚಕ್ರದ ಹತ್ತಿರ 'ಕರ್ರ್' ಅಂತು. ಒರಳಿನಲ್ಲಿ ಕಲ್ಲು ಸಿಕ್ಕಿದ ಹಾಗೆ. ತಿರುವು ಮುಗಿಯಿತು, ಸದ್ದೂ ನಿಂತಿತು. ಮುಂದಿನ ಐದು ಕಿಲೋಮೀಟರ್ ಕಿವಿ ಕೊಟ್ಟು ಓಡಿಸಿದರೂ ಏನೂ ಇಲ್ಲ.

ನಾನು ತೀರ್ಥಹಳ್ಳಿ ಸುತ್ತಲಿನ ಹಳ್ಳಿಗಳಲ್ಲಿ 22 ವರ್ಷದಿಂದ ದನಗಳ ಚಿಕಿತ್ಸೆಗೆ ಓಡಾಡುವವನು. ಕಾರು 2014ರ ಮಾಡೆಲ್. ಪೆಟ್ರೋಲಿನ ಸಣ್ಣ ಗಾಡಿ, ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್. ಅರ್ಧ ಓಡಾಟ ಡಾಂಬರಿನ ಮೇಲೆ, ಇನ್ನರ್ಧ ತೋಟದ ಮಣ್ಣು ರಸ್ತೆಯಲ್ಲಿ. ಆ ಸದ್ದು ಸಿಗಲು ನನಗೆ ಆರು ವಾರ ಹಿಡಿಯಿತು. ನಡುವೆ ಬೇಡದ ಒಂದು ರಿಪೇರಿಗೆ 3,400 ರೂಪಾಯಿ ಹೋಯಿತು. ಹಣಕ್ಕಿಂತ ಜಾಸ್ತಿ ಬೇಜಾರು ಬೇರೆಯದಕ್ಕೆ. ಆ ಆರು ವಾರವೂ ನಾನು ಮನೆಯವರನ್ನು ಕೂರಿಸಿಕೊಂಡು ಘಾಟಿ ಇಳಿದಿದ್ದೇನೆ. ಕೊನೆಗೆ ಸಿಕ್ಕ ಕಾರಣ ನೋಡಿದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಏನಾಯಿತು ಹೇಳುತ್ತೇನೆ. ಪೇಟೆಯ ಒಂದು ಗ್ಯಾರೇಜಿಗೆ ಹೋದೆ. "ಬಲಕ್ಕೆ ತಿರುಗಿದಾಗ ಎಡಗಡೆ ಸದ್ದು ಬರುತ್ತೆ" ಅಂದೆ. ಅಷ್ಟು ಕೇಳಿದ್ದೇ ತಡ, "ಎಡ ವೀಲ್ ಬೇರಿಂಗ್ ಹೋಗಿದೆ ಡಾಕ್ಟ್ರೇ" ಅಂದರು. ಬೇರಿಂಗ್ ಅಂದರೆ ಚಕ್ರ ಸಲೀಸಾಗಿ ತಿರುಗಲು ಒಳಗಿರುವ ಗುಂಡುಗಳ ಬಳೆ. ಲೆಕ್ಕ ತಪ್ಪೇನಲ್ಲ. ಬಲಕ್ಕೆ ತಿರುಗಿದಾಗ ಗಾಡಿಯ ಭಾರ ಎಡಕ್ಕೆ ವಾಲುತ್ತದೆ. ಎಡಗಡೆ ಬೇರಿಂಗ್ ಸವೆದಿದ್ದರೆ ಆಗ ಸದ್ದು ಜಾಸ್ತಿಯಾಗುತ್ತದೆ. ಬೇರಿಂಗ್ ಬದಲಾಯಿತು. ನಾಲ್ಕು ದಿನ ಗಾಡಿ ಸುಮ್ಮನಿತ್ತು. ಐದನೇ ದಿನ ಅದೇ ತಿರುವು, ಅದೇ 'ಕರ್ರ್'.

ಮನೆಗೆ ಬಂದು ಕೂತು ಯೋಚಿಸಿದೆ. ಹಸು ಮೇವು ಬಿಟ್ಟಿದೆ ಅಂತ ಯಾರಾದರೂ ಕರೆದರೆ ನಾನು ಹೋದ ತಕ್ಷಣ ಸೂಜಿ ಚುಚ್ಚುತ್ತೇನಾ? ಯಾವಾಗಿನಿಂದ, ನಿನ್ನೆ ಏನು ತಿಂದಿತ್ತು, ಮೆಲುಕು ಹಾಕ್ತಿದೆಯಾ, ಸಗಣಿ ಹೇಗಿದೆ ಅಂತ ಹತ್ತು ಪ್ರಶ್ನೆ ಕೇಳಿಯೇ ಮುಟ್ಟುವುದು. ಗಾಡಿಯ ವಿಷಯದಲ್ಲಿ ಆ ಹತ್ತು ಪ್ರಶ್ನೆಯನ್ನು ನಾನೂ ಕೇಳಿರಲಿಲ್ಲ, ಗ್ಯಾರೇಜಿನವರೂ ಕೇಳಲಿಲ್ಲ. ಬಂದು ಹೋಗುವ ಸದ್ದು ಮನಸ್ಸಿಗೆ ಬಂದಾಗ ಬರುವುದಿಲ್ಲ. ಅದಕ್ಕೆ ಒಂದು ಕಟ್ಟು ಇರುತ್ತದೆ, ಇಂಥ ಹೊತ್ತಿಗೇ ಬರಬೇಕು ಅನ್ನುವ ನಿಯಮ. ಆ ಕಟ್ಟು ತಿಳಿಯುವ ತನಕ ಒಂದು ಬೋಲ್ಟೂ ಬಿಚ್ಚಿಸಬೇಡಿ.

ಬರೆದಿಡಿ

ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ಪುಸ್ತಕ, ಒಂದು ಪೆನ್ನು ಇಡಿ. ಸದ್ದು ಬಂದಾಗಲೆಲ್ಲ ಗಾಡಿ ಬದಿಗೆ ನಿಲ್ಲಿಸಿ ಬರೆಯಿರಿ. ಎಷ್ಟು ವೇಗ, ನೇರವೋ ತಿರುವೋ, ಯಾವ ಕಡೆಗೆ, ಬ್ರೇಕಿನ ಮೇಲೆ ಕಾಲಿತ್ತೋ ಇಲ್ಲವೋ, ಮಳೆಯೋ ಬಿಸಿಲೋ, ಗಾಡಿ ಹೊರಟು ಎಷ್ಟು ಹೊತ್ತಾಗಿತ್ತು, ಒಳಗೆ ಎಷ್ಟು ಜನ. ಸದ್ದು ಬರಬೇಕಾದ ಕಡೆ ಬರದಿದ್ದರೆ ಅದನ್ನೂ ಬರೆಯಿರಿ. ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಆ ಸಾಲುಗಳೇ.

ನನ್ನ ಪುಸ್ತಕದ ಮೂರು ಸಾಲು ಹೀಗಿವೆ:

"ಬೆಳಿಗ್ಗೆ 7:10. ಹೊರಟು 2 ಕಿ.ಮೀ. ಬಲ ತಿರುವು, 30ರ ವೇಗ. ಬ್ರೇಕ್ ಇಲ್ಲ. ಬರಲಿಲ್ಲ."

"8:25. ಹೊರಟು 20 ಕಿ.ಮೀ. ಇಳಿಜಾರು. ಬಲ ತಿರುವು, 30. ಬ್ರೇಕ್ ಬಿಟ್ಟ ಮೇಲೆ ಬಂತು."

"8:40. ನೇರ ರಸ್ತೆ, 25. ಬ್ರೇಕ್ ಮೇಲೆ ಸುಮ್ನೆ ಕಾಲಿಟ್ಟೆ. ಸದ್ದು ನಿಂತಿತು."

ಮೂರನೇ ಸಾಲನ್ನು ಮೊದಲ ದಿನವೇ ಬರೆದಿದ್ದರೆ ಬೇರಿಂಗ್ ಬದಲಾಗುತ್ತಿರಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊಬೈಲಿನಲ್ಲಿ ಸದ್ದು ರೆಕಾರ್ಡ್ ಮಾಡಿಕೊಳ್ಳಿ. ಮೆಕ್ಯಾನಿಕ್ ಮುಂದೆ ನಿಂತಾಗ ಗಾಡಿ ಸದ್ದು ಮಾಡುವುದಿಲ್ಲ, ಅದು ಎಲ್ಲರಿಗೂ ಆಗುವ ಅನುಭವ. ಆದರೆ ಓಡಿಸುತ್ತಿರುವವರು ಫೋನ್ ಮುಟ್ಟಬಾರದು. ನನ್ನ ಮಗಳು ಪಕ್ಕದ ಸೀಟಿನಲ್ಲಿ ಕೂತು ಕಿಟಕಿ ಇಳಿಸಿ ಹಿಡಿದಿದ್ದಳು.

ಸದ್ದಿಗೆ ಒಂದು ಹೆಸರು ಕೊಡಿ

ಇದರಲ್ಲಿ ಕನ್ನಡ ನಮ್ಮ ಕೈ ಹಿಡಿಯುತ್ತದೆ. ಕಿರ್, ಕರಕರ, ಗೊಂಯ್, ಟಕಟಕ, ಜರ್ ಜರ್. ಒಂದೊಂದೂ ಬೇರೆ ಜಾಗ ತೋರಿಸುತ್ತದೆ. "ಏನೋ ಸದ್ದು" ಅನ್ನುವ ಬದಲು ಬಾಯಲ್ಲಿ ಸದ್ದು ಮಾಡಿಯೇ ತೋರಿಸಿ. ಒಳ್ಳೆ ಮೆಕ್ಯಾನಿಕ್ ಅದನ್ನೇ ಕೇಳುತ್ತಾನೆ.

ಸಣ್ಣಗೆ, ತೀಕ್ಷ್ಣವಾಗಿ 'ಕೀಂಯ್' ಅಂದರೆ ಹೆಚ್ಚಾಗಿ ಬ್ರೇಕ್ ಪ್ಯಾಡಿನ ಎಚ್ಚರಿಕೆ. ಪ್ಯಾಡು ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕ್ ಅನ್ನುವ ತಟ್ಟೆಯನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ತುಂಡು. ಎಷ್ಟೋ ಪ್ಯಾಡುಗಳಲ್ಲಿ ತಗಡಿನ ಸಣ್ಣ ನಾಲಿಗೆ ಇರುತ್ತದೆ. ಪ್ಯಾಡು ಸವೆದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತದೆ. ಆ ನಾಲಿಗೆ ಇರುವುದೇ ಅದಕ್ಕೆ. ಅದು ಕೂಗಿದಾಗ ಹೋದರೆ ಪ್ಯಾಡಿನ ಖರ್ಚಿನಲ್ಲಿ ಮುಗಿಯುತ್ತದೆ. 'ಕರಕರ', 'ಗರಗರ' ಅಂತ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಹಾಗಿದ್ದರೆ ಆ ಹಂತ ದಾಟಿರಬಹುದು. ಪ್ಯಾಡಿನ ಹಿಂದಿನ ಉಕ್ಕಿನ ತಟ್ಟೆಯೇ ಡಿಸ್ಕನ್ನು ಕೆರೆಯುತ್ತಿರಬಹುದು. ಇಲ್ಲದಿದ್ದರೆ ಒಂದು ಹರಳು ಕಲ್ಲು ಡಿಸ್ಕಿಗೂ ಅದರ ಹಿಂದಿನ ತೆಳು ತಗಡಿಗೂ ನಡುವೆ ಸಿಕ್ಕಿರಬಹುದು. ಒಂದು ಭಯ ಹುಟ್ಟಿಸುವ ಕಾಯಿಲೆ, ಇನ್ನೊಂದು ಐದು ನಿಮಿಷದ ಕೆಲಸ. ಕಿವಿಗೆ ಎರಡೂ ಒಂದೇ.

'ಗೊಂಯ್' ಅಂತ ವೇಗದ ಜೊತೆ ಏರುವ ಸದ್ದು ಬೇರಿಂಗಿನದ್ದು. ದೂರದಲ್ಲಿ ವಿಮಾನ ಹೋದ ಹಾಗೆ. ತುಂಬ ಕೆಟ್ಟ ಮೇಲೆ ಅದೂ ಗರಗರ ಅನ್ನುತ್ತದೆ. ಹೊಂಡ ಹೊಂಡವಾಗಿ ಸವೆದ ಟೈರೂ ಇದೇ ಸದ್ದು ಮಾಡುತ್ತದೆ. ಆದ್ದರಿಂದ ಟೈರಿನ ಮೇಲೆ ಅಂಗೈ ಸವರಿ ನೋಡದೆ ಬೇರಿಂಗ್ ಅನ್ನಬಾರದು. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೋಗುವಾಗ 'ಟಕ್ ಟಕ್ ಟಕ್' ಅಂದರೆ ಇಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್. ರಬ್ಬರ್ ಬೂಟು ಹರಿದು ಗ್ರೀಸ್ ಸುತ್ತ ಎರಚಿರುತ್ತದೆ, ಬಗ್ಗಿ ನೋಡಿದರೆ ಕಾಣುತ್ತದೆ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೂ ಕಿರುಗುಟ್ಟಿದರೆ ಚಕ್ರದ ತಪ್ಪಲ್ಲ, ಶಾಕ್ ಅಬ್ಸಾರ್ಬರಿನ ಮೇಲ್ತುದಿಯ ಮೌಂಟ್ ನೋಡಿಸಿ.

ಗಾಡಿ ಇನ್ನೇನು ನಿಲ್ಲಬೇಕು ಅನ್ನುವಾಗ, 10ರ ವೇಗದಲ್ಲಿ, ಪೆಡಲ್ ಕಾಲಿಗೆ ತಟತಟ ಒದ್ದು ಕೆಳಗೆ ಗರ್ರ್ ಅಂದರೆ? ಅದು ಎಬಿಎಸ್ (ಜೋರು ಬ್ರೇಕಿಗೆ ಚಕ್ರ ಕಚ್ಚಿ ಜಾರದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ಬೇಡದ ಜಾಗದಲ್ಲಿ ಕೆಲಸ ಮಾಡುತ್ತಿರುವುದು. ಚಕ್ರದ ವೇಗ ಓದುವ ಸೆನ್ಸರಿಗೆ ಕೆಸರು ಮೆತ್ತಿಕೊಂಡರೂ ಹೀಗಾಗಬಹುದು. ಬ್ರೇಕ್ ಹೋಗಿದೆ ಅಂತ ಹೆದರಿ ಪ್ಯಾಡ್ ಬದಲಿಸಿದವರನ್ನು ನೋಡಿದ್ದೇನೆ.

ರಸ್ತೆಯ ಮೇಲೆ ನಾಲ್ಕು ಪರೀಕ್ಷೆ

ಖಾಲಿ, ಸಪಾಟು ರಸ್ತೆ ಹುಡುಕಿ. ಘಾಟಿಯಲ್ಲಿ ಈ ಕೆಲಸ ಬೇಡ. ಜೊತೆಗೆ ಒಬ್ಬರನ್ನು ಕೂರಿಸಿಕೊಳ್ಳಿ. ರೇಡಿಯೋ, ಫ್ಯಾನ್ ಎಲ್ಲ ಆಫ್. ಡಿಕ್ಕಿಯಲ್ಲಿರುವ ಸಾಮಾನು ಇಳಿಸಿ. ನನ್ನ ಗಾಡಿಯಲ್ಲಿ ಔಷಧಿ ಪೆಟ್ಟಿಗೆಯ ಸದ್ದೇ ಅರ್ಧ ಇತ್ತು.

ಮೊದಲನೆಯದು ಕ್ಲಚ್. ಸದ್ದು ಬರುತ್ತಿರುವಾಗ ಆಕ್ಸಲರೇಟರ್ ಬಿಟ್ಟು ಕ್ಲಚ್ ಒತ್ತಿ. ಇಂಜಿನ್ ಇಳಿಯುತ್ತದೆ, ಗಾಡಿ ಉರುಳುತ್ತಿರುತ್ತದೆ. ಸದ್ದು ಗಾಡಿಯ ವೇಗವನ್ನೇ ಹಿಂಬಾಲಿಸಿದರೆ ಚಕ್ರದ ಕಡೆಯದು. ಇಂಜಿನ್ ಜೊತೆ ಇಳಿದರೆ ಬಾನೆಟ್ ಕೆಳಗೆ ಹುಡುಕಿ.

ಎರಡನೆಯದು ಗೋಡೆ. ಶಾಲೆಯ ಕಾಂಪೌಂಡ್, ಸೇತುವೆಯ ಕಟ್ಟೆ, ಯಾವುದಾದರೂ ಸರಿ. ಎಡಗಡೆಯ ಕಿಟಕಿ ಇಳಿಸಿ ಗೋಡೆಯ ಪಕ್ಕದಲ್ಲೇ 20ರ ವೇಗದಲ್ಲಿ ಹೋಗಿ. ಗೋಡೆಗೆ ಬಡಿದು ಬರುವ ಸದ್ದು ಚೊಕ್ಕವಾಗಿ ಕೇಳುತ್ತದೆ. ವಾಪಸ್ ಬರುವಾಗ ಆ ಗೋಡೆ ಬಲಕ್ಕೆ ಇರುತ್ತದೆ, ಆದರೆ ದೂರ. ಬಲಗಡೆ ಕೇಳಿಸಿಕೊಳ್ಳಲು ಕಿರಿದಾದ ಓಣಿ ಒಳ್ಳೆಯದು. ನಾವು ತೋಟದ ಕಲ್ಲು ಪಾಗಾರದ ಪಕ್ಕ ಹೋದೆವು. ಮಗಳು ಹಿಂದಿನ ಸೀಟಿಗೂ ಮುಂದಿನ ಸೀಟಿಗೂ ಬದಲಿಸಿ ಕೂತು "ಮುಂದೆಯೇ ಅಪ್ಪ, ಎಡಗಡೆ" ಅಂದಳು. ಇಂಥ ವಿಷಯಕ್ಕೆ ಮಕ್ಕಳ ಕಿವಿ ಚುರುಕು.

ಅಲ್ಲೇ ಇನ್ನೊಂದು ಲೆಕ್ಕ ಹಾಕಬಹುದು. ಸಣ್ಣ ಕಾರಿನ ಚಕ್ರ ಒಂದು ಸುತ್ತಿಗೆ ಹತ್ತಿರ ಹತ್ತಿರ 1.9 ಮೀಟರ್ ಹೋಗುತ್ತದೆ. ಅಂದರೆ 20ರ ವೇಗದಲ್ಲಿ ಸೆಕೆಂಡಿಗೆ ಮೂರು ಸುತ್ತು. 'ಜರ್... ಜರ್... ಜರ್' ಅಂತ ಸೆಕೆಂಡಿಗೆ ಮೂರು ಬಾರಿ ಬಂದರೆ ಚಕ್ರದ ಒಂದೇ ಒಂದು ಜಾಗ ಎಲ್ಲೋ ತಾಗುತ್ತಿದೆ. ಡಿಸ್ಕ್ ವಾಲಿರಬಹುದು, ಟೈರಿನ ಪಟ್ಟೆಯಲ್ಲಿ ಜಲ್ಲಿ ಸಿಕ್ಕಿರಬಹುದು. ಬಿಡುವಿಲ್ಲದ ಕರಕರವಾದರೆ ಸುತ್ತಿನುದ್ದಕ್ಕೂ ಉಜ್ಜುತ್ತಿದೆ.

ಮೂರನೆಯದು ಎಡ ಬಲ ತೂಗುವುದು. 40ರ ವೇಗದಲ್ಲಿ ಸ್ಟೀರಿಂಗನ್ನು ಮೆಲ್ಲಗೆ ಎಡಕ್ಕೆ, ಮೆಲ್ಲಗೆ ಬಲಕ್ಕೆ. ಬಲಕ್ಕೆ ತೂಗಿದಾಗ ಸದ್ದು ಏರಿದರೆ ಎಡ ಚಕ್ರದ ಮೇಲೆ ಅನುಮಾನ, ಎಡಕ್ಕೆ ತೂಗಿದಾಗ ಏರಿದರೆ ಬಲ ಚಕ್ರದ ಮೇಲೆ. ಗ್ಯಾರೇಜಿನವರು ಇಲ್ಲಿಗೇ ನಿಲ್ಲಿಸಿದ್ದರು.

ನಾಲ್ಕನೆಯದನ್ನು ಮಾಡದೆ ಬೇರಿಂಗಿಗೆ ಕೈ ಹಾಕಿಸಬೇಡಿ. ಸದ್ದು ಬರುತ್ತಿರುವಾಗಲೇ ಬ್ರೇಕ್ ಪೆಡಲನ್ನು ಹಗುರವಾಗಿ ಮುಟ್ಟಿ. ಗಾಡಿ ನಿಧಾನವಾಗುವಷ್ಟು ಬೇಡ, ಪೆಡಲಿನ ಸಡಿಲು ಹೋಗುವಷ್ಟು ಸಾಕು. ಆಗ ಸದ್ದು ನಿಂತರೆ, ಅಥವಾ ಅದರ ದನಿ ಬದಲಾದರೆ, ಕಾರಣ ಪ್ಯಾಡು, ಡಿಸ್ಕು, ಕ್ಯಾಲಿಪರಿನ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಇಕ್ಕಳದಂಥ ಭಾಗ) ಸುತ್ತಲೇ ಇದೆ. ಬೇರಿಂಗಿಗೆ ನಿಮ್ಮ ಬ್ರೇಕಿನ ಹಂಗಿಲ್ಲ. ಹಗುರ ಬ್ರೇಕಿಗೆ ಅದು ಗೊಂಯ್ ಅನ್ನುವುದನ್ನು ಬಿಡುವುದಿಲ್ಲ.

ಹಾಗಾದರೆ ಬ್ರೇಕಿನ ಸದ್ದು ತಿರುವಿನಲ್ಲಿ ಯಾಕೆ ಬಂತು? ತಿರುವಿನಲ್ಲಿ ಚಕ್ರದ ಮೇಲೆ ಅಡ್ಡ ಒತ್ತಡ ಬೀಳುತ್ತದೆ. ಚಕ್ರ ಕೂರುವ ಹಬ್ ಅನ್ನುವ ಭಾಗವೂ ಅದರ ಜೊತೆ ಡಿಸ್ಕೂ ಕೂದಲೆಳೆಯಷ್ಟು ವಾಲುತ್ತವೆ. ಪ್ಯಾಡು ಮೊದಲೇ ಅಂಟಿಕೊಂಡಿದ್ದರೆ ಆ ಕೂದಲೆಳೆಯೇ ಸಾಕು. ಬೇರಿಂಗಿನ ವೇಷ ಹಾಕಿಕೊಂಡು ಬರುತ್ತದೆ.

ಜಾಕ್ ಏರಿಸುವ ಮೊದಲು

ಎಷ್ಟೋ ಸಲ ಕಾರಣ ಹೊರಗೇ ಇರುತ್ತದೆ. ಟೈರಿನ ಪಟ್ಟೆಯೊಳಗೆ ಜಲ್ಲಿ, ಮೊಳೆ ನೋಡಿ. ಮಡ್ ಗಾರ್ಡ್ ಒಳಗಿನ ಕಪ್ಪು ಪ್ಲಾಸ್ಟಿಕ್ ಕ್ಲಿಪ್ ಬಿಟ್ಟು ಟೈರಿಗೆ ತಾಗುತ್ತಿದೆಯಾ ನೋಡಿ. ತಾಗಿದ ಜಾಗ ಹೊಳೆಯುತ್ತಿರುತ್ತದೆ. ನಾಲ್ಕು ಜನ ಕೂತಾಗ ಮಾತ್ರ ಬರುವ ಸದ್ದಿಗೆ ಇದು ದೊಡ್ಡ ಕಾರಣ.

ವೀಲ್ ನಟ್ಟುಗಳನ್ನು ಪಾನಾ ಹಾಕಿ ನೋಡಿ. ಇತ್ತೀಚೆಗೆ ಪಂಕ್ಚರ್ ಹಾಕಿಸಿದ್ದರೆ ಇದೇ ಮೊದಲ ಕೆಲಸವಾಗಲಿ. ಸಡಿಲ ನಟ್ಟು ಮೊದಮೊದಲು ಬರೀ ಕಟಕಟ ಅನ್ನುತ್ತದೆ, ಆಮೇಲೆ ಚಕ್ರವೇ ಕಳಚಬಹುದು. ಒಂದು ನಟ್ಟು ಸಡಿಲ ಸಿಕ್ಕರೂ ಉಳಿದ ಪರೀಕ್ಷೆ ನಿಲ್ಲಿಸಿ, ಎಲ್ಲವನ್ನೂ ಬಿಗಿ ಮಾಡಿ.

ಆಮೇಲೆ ಶಾಖ. ಹತ್ತು ಕಿಲೋಮೀಟರ್ ಓಡಿಸಿ. ಆದಷ್ಟು ಬ್ರೇಕ್ ಮುಟ್ಟದೆ, ಕೊನೆಗೆ ಗಾಡಿ ತಾನಾಗಿ ನಿಧಾನವಾಗುವ ಹಾಗೆ ಬನ್ನಿ. ಇಳಿದು ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಒಂದು ಗೇಣು ದೂರದಿಂದ. ಮುಟ್ಟಬೇಡಿ, ಡಿಸ್ಕ್ ಚರ್ಮ ಸುಡುವಷ್ಟು ಕಾದಿರಬಹುದು. ಒಂದು ಚಕ್ರ ಮಾತ್ರ ಉಳಿದದ್ದಕ್ಕಿಂತ ಬಿಸಿ ಉಗುಳುತ್ತಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಕೊರೊನಾ ಕಾಲದಲ್ಲಿ ತಂದ ಹಣೆಗೆ ಹಿಡಿಯುವ ಥರ್ಮಾಮೀಟರು ಇದಕ್ಕೆ ಬರುವುದಿಲ್ಲ, ಅದು ಮೈ ಶಾಖದಷ್ಟೇ ಅಳೆಯುತ್ತದೆ. ಕೈಯೇ ಸಾಕು. ನನ್ನ ಗಾಡಿಯ ಬಲ ಚಕ್ರ ಬೆಚ್ಚಗಿತ್ತು. ಎಡ ಚಕ್ರದ ಹತ್ತಿರ ಕೈ ಹಿಡಿದರೆ ದೋಸೆ ಕಾವಲಿಯ ಝಳ. ಸುಟ್ಟ ವಾಸನೆಯೂ ಇತ್ತು. ಹೊರಟು 2 ಕಿಲೋಮೀಟರಿಗೆ ಬಾರದ ಸದ್ದು 20 ಕಿಲೋಮೀಟರಿಗೆ ಯಾಕೆ ಬರುತ್ತಿತ್ತು ಅಂತ ಆಗ ಗೊತ್ತಾಯಿತು.

ಜಲ್ಲಿ ಹಾಸಿದ ರಸ್ತೆಯಲ್ಲಿ ಹೋದ ಕೂಡಲೇ ಸದ್ದು ಶುರುವಾಗಿದ್ದರೆ ತಗಡಿನ ಹಿಂದೆ ಕಲ್ಲು ಸಿಕ್ಕಿರುವ ಸಾಧ್ಯತೆಯೇ ಜಾಸ್ತಿ. ಖಾಲಿ ಜಾಗದಲ್ಲಿ ಹತ್ತಿಪ್ಪತ್ತು ಅಡಿ ರಿವರ್ಸ್ ಹೋಗಿ, ಮುಂದೆ ಬನ್ನಿ, ಎಡ ಬಲ ಪೂರ್ತಿ ತಿರುಗಿಸಿ. ಎರಡು ಮೂರು ಸಲದಲ್ಲಿ ಕಲ್ಲು ಉದುರುತ್ತದೆ. ಉದುರದಿದ್ದರೆ ಚಕ್ರ ಬಿಚ್ಚಿ ಆ ತಗಡನ್ನು ಬೆರಳಲ್ಲಿ ಡಿಸ್ಕಿನಿಂದ ಸ್ವಲ್ಪ ದೂರಕ್ಕೆ ಬಗ್ಗಿಸಿದರೆ ಸಾಕು.

ಮಳೆಗಾಲದವರಿಗೆ ಒಂದು ಸಮಾಧಾನದ ಮಾತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ರಾತ್ರಿ ಹೊರಗೆ ನಿಂತ ಗಾಡಿಯ ಡಿಸ್ಕ್ ಬೆಳಿಗ್ಗೆ ಕಾವಿ ಬಳಿದ ಹಾಗೆ ಕೆಂಪಾಗಿರುತ್ತದೆ. ಡಿಸ್ಕ್ ಎರಕದ ಕಬ್ಬಿಣ, ತುಕ್ಕು ಹಿಡಿಯುವುದು ಅದರ ಗುಣ. ಮೊದಲ ಮೂರು ನಾಲ್ಕು ಬ್ರೇಕಿಗೆ ಕರಕರ ಅಂದು ನಿಂತರೆ ಅದು ಕಾಯಿಲೆಯಲ್ಲ. ವಾರಗಟ್ಟಲೆ ನಿಂತ ಗಾಡಿಯ ಹಿಂದಿನ ಡ್ರಮ್ಮಿನಲ್ಲೂ ಹೀಗೇ. ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದ್ದರೆ ಒಳಗಿನ ಬ್ರೇಕ್ ಪಟ್ಟಿ (ಲೈನರ್) ಡ್ರಮ್ಮಿಗೆ ಅಂಟಿ, ಹೊರಡುವಾಗ 'ಟಪ್' ಅಂತ ಬಿಡುತ್ತದೆ. ಜಡಿಮಳೆಯಲ್ಲಿ ತುಂಬ ದಿನ ನಿಲ್ಲಿಸುವುದಿದ್ದರೆ ಸಪಾಟು ಜಾಗದಲ್ಲಿ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಬೇಡ.

ಚಕ್ರ ಎತ್ತಿ ನೋಡುವುದು

ಗಟ್ಟಿ ನೆಲ, ಸಪಾಟು ಜಾಗ. ಹ್ಯಾಂಡ್ ಬ್ರೇಕ್ ಎಳೆಯಿರಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಅರ್ಧ ಸುತ್ತು ಸಡಿಲಿಸಿ. ಜಾಕನ್ನು ಗಾಡಿಯ ಪುಸ್ತಕದಲ್ಲಿ ತೋರಿಸಿದ ಜಾಗಕ್ಕೇ ಕೊಡಿ. ಎತ್ತಿದ ಮೇಲೆ ಸ್ಟೆಪ್ನಿಯನ್ನು ಗಾಡಿಯ ಕೆಳಗೆ ಬದಿಯಲ್ಲಿ ಮಲಗಿಸಿ. ಜಾಕ್ ಜಾರಿದರೆ ಗಾಡಿ ಅದರ ಮೇಲೆ ಕೂರುತ್ತದೆ, ನಿಮ್ಮ ಕೈ ಮೇಲೆ ಅಲ್ಲ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾವತ್ತೂ ತಲೆ ಹಾಕಬೇಡಿ. ಮಳೆಗೆ ನೆನೆದ ಮಣ್ಣಿನ ಅಂಗಳದಲ್ಲಿ ಜಾಕ್ ಹೂತು ಹೋಗುತ್ತದೆ, ಅಲ್ಲಿ ಈ ಕೆಲಸವೇ ಬೇಡ.

ಗೇರ್ ನ್ಯೂಟ್ರಲ್ ಮಾಡಿ ಮುಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಡಿಸ್ಕ್ ಬ್ರೇಕಿನಲ್ಲಿ ಸ್ವಲ್ಪ 'ಸ್ಸ್' ಅನ್ನುವುದು ಸಹಜ. ತಿರುಗಿಸಲು ತೋಳಿನ ಬಲ ಹಾಕಬೇಕಾದರೆ ಸಹಜವಲ್ಲ. ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ಹಿಡಿದುಕೊಳ್ಳಿ. ಬೇರಿಂಗ್ ಕೆಟ್ಟಿದ್ದರೆ ಸ್ಪ್ರಿಂಗಿನಲ್ಲಿ ಗರಗರ ಅಂತ ನಡುಕ ಸಿಗುತ್ತದೆ. ಕಿವಿಗೆ ಕೇಳದ್ದೂ ಬೆರಳಿಗೆ ತಿಳಿಯುತ್ತದೆ. ನ್ಯುಮೋನಿಯಾ ಆದ ಕರುವಿನ ಪಕ್ಕೆಯ ಮೇಲೆ ಕೈಯಿಟ್ಟಾಗ ಸಿಗುವ ನಡುಕ ನನಗೆ ನೆನಪಾಯಿತು. ನನ್ನ ಸ್ಪ್ರಿಂಗಿನಲ್ಲಿ ಏನೂ ಇರಲಿಲ್ಲ. ಹೊಸ ಬೇರಿಂಗ್ ಅಲ್ವಾ, ನುಣ್ಣಗಿತ್ತು.

ಚಕ್ರವನ್ನು ಮೇಲೊಂದು ಕೆಳಗೊಂದು ಕೈಯಿಟ್ಟು ಅಲ್ಲಾಡಿಸಿ. ಆಟ, ಅಂದರೆ ಸಡಿಲು ಇದ್ದರೆ ಬೇರಿಂಗ್ ಇಲ್ಲವೇ ಚಕ್ರವನ್ನು ಕೆಳಗಿನ ತೋಳಿಗೆ ಜೋಡಿಸುವ ಬಾಲ್ ಜಾಯಿಂಟ್. ಎಡಕ್ಕೊಂದು ಬಲಕ್ಕೊಂದು ಕೈಯಿಟ್ಟಾಗ ಮಾತ್ರ ಆಟ ಇದ್ದರೆ ಸ್ಟೀರಿಂಗಿನ ಟೈ ರಾಡ್ ಕಡೆ ನೋಡಿಸಿ.

ಈಗ ಚಕ್ರ ಬಿಚ್ಚಿ. ನನ್ನ ಗಾಡಿಯ ಗುಟ್ಟು ಇಲ್ಲೇ ಇತ್ತು.

ಅಲ್ಲಿಯವರೆಗೆ ಪ್ಯಾಡನ್ನು ಎಲ್ಲರೂ ಚಕ್ರದ ಕಂಡಿಯಿಂದ ಇಣುಕಿ ನೋಡಿದ್ದರು. ನಾನೂ ನೋಡಿದ್ದೆ. ಆರು ಮಿಲಿಮೀಟರ್ ದಪ್ಪ ಕಾಣುತ್ತಿತ್ತು. "ಪ್ಯಾಡ್ ಇನ್ನೂ ಹತ್ತು ಸಾವಿರ ಕಿಲೋಮೀಟರ್ ಬರುತ್ತೆ" ಅಂದಿದ್ದರು. ಕಂಡಿಯಿಂದ ಕಾಣುವುದು ಹೊರಗಿನ ಪ್ಯಾಡ್. ಡಿಸ್ಕಿನ ಹಿಂದೆ, ಇಂಜಿನ್ ಕಡೆ, ಒಳಗಿನ ಪ್ಯಾಡ್ ಒಂದಿದೆ. ಅದು ಕಾಣಬೇಕಾದರೆ ಚಕ್ರ ಬಿಚ್ಚಿ ಕ್ಯಾಲಿಪರಿನ ಮೇಲಿನಿಂದ ಟಾರ್ಚ್ ಬಿಡಬೇಕು. ಬಿಟ್ಟೆ. ಒಳಗಿನ ಪ್ಯಾಡು ಓರೆಯಾಗಿ ಸವೆದಿತ್ತು. ಒಂದು ತುದಿಯಲ್ಲಿ ಎರಡು ಮಿಲಿಮೀಟರ್. ಇನ್ನೊಂದು ತುದಿಯಲ್ಲಿ ಏನೂ ಇಲ್ಲ, ಬರೀ ಉಕ್ಕು ಹೊಳೆಯುತ್ತಿತ್ತು. ಡಿಸ್ಕಿನ ಒಳಮುಖದಲ್ಲಿ ಗ್ರಾಮಫೋನ್ ತಟ್ಟೆಯ ಹಾಗೆ ಗೀರುಗಳು, ಉಗುರು ಸಿಕ್ಕಿಕೊಳ್ಳುವಷ್ಟು ಆಳ. ಹೊರಮುಖ ಕನ್ನಡಿ.

ಕಾರಣ ಒಂದು ಪಿನ್ನು. ಈ ಬಗೆಯ ಕ್ಯಾಲಿಪರ್ ಎರಡು ಸ್ಲೈಡ್ ಪಿನ್ನುಗಳ ಮೇಲೆ ಜಾರಬೇಕು. ಬ್ರೇಕ್ ಒತ್ತಿದಾಗ ಪಿಸ್ಟನ್ ಒಳಗಿನ ಪ್ಯಾಡನ್ನು ತಳ್ಳುತ್ತದೆ, ಕ್ಯಾಲಿಪರ್ ತಾನೇ ಜಾರಿ ಹೊರಗಿನ ಪ್ಯಾಡನ್ನು ಎಳೆಯುತ್ತದೆ. ಕೆಳಗಿನ ಪಿನ್ನಿನ ರಬ್ಬರ್ ಬೂಟು ಹರಿದು, ಕೆಸರು ನೀರು ಹೋಗಿ, ತುಕ್ಕು ಹಿಡಿದು ಪಿನ್ನು ಕಚ್ಚಿಕೊಂಡಿತ್ತು. ಹಾಗಾಗಿ ಕೆಲಸವೆಲ್ಲ ಒಳಗಿನ ಪ್ಯಾಡಿನ ಮೇಲೆ ಬಿತ್ತು. ಬ್ರೇಕ್ ಬಿಟ್ಟ ಮೇಲೂ ಅದು ಡಿಸ್ಕ್ ಬಿಡುತ್ತಿರಲಿಲ್ಲ. ಬೇರಿಂಗ್ ಹಾಕುವಾಗ ಕ್ಯಾಲಿಪರ್ ಬಿಚ್ಚಿ ಕೂರಿಸಿದ್ದರಿಂದ ಪಿನ್ನು ನಾಲ್ಕು ದಿನ ಸಡಿಲವಾಗಿತ್ತು, ಆಮೇಲೆ ಮತ್ತೆ ಕಚ್ಚಿತು. ಬಿಚ್ಚಿದವರು ಆವತ್ತು ಒಳಗಿನ ಪ್ಯಾಡನ್ನು ತಿರುಗಿಸಿ ನೋಡಿದ್ದರೆ ಸಾಕಿತ್ತು.

ನೀವು ನೋಡುವಾಗ ನಾಲ್ಕು ಪ್ಯಾಡನ್ನೂ ನೋಡಿ, ಎಡಕ್ಕೆರಡು ಬಲಕ್ಕೆರಡು. ಪ್ಯಾಡಿನ ಸವೆಯುವ ಭಾಗ 3 ಮಿಲಿಮೀಟರಿಗೆ ಬಂದರೆ ಬದಲಿಸಿಬಿಡಿ. ಒಳಗೂ ಹೊರಗೂ ಎರಡು ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಪಿನ್ನೋ ಪಿಸ್ಟನ್ನೋ ಕಚ್ಚಿದೆ ಅಂತ ತಿಳಿಯಿರಿ. ಆಗ ಹೊಸ ಪ್ಯಾಡು ಮಾತ್ರ ಹಾಕಿಸಿದರೆ ಅದೂ ಹೀಗೇ ಹಾಳಾಗುತ್ತದೆ. ಡಿಸ್ಕ್ ಎಷ್ಟು ತೆಳುವಾಗಬಹುದು ಅನ್ನುವ ಅಂಕಿ ಸಾಮಾನ್ಯವಾಗಿ ಡಿಸ್ಕಿನ ಮೇಲೇ ಅಚ್ಚಾಗಿರುತ್ತದೆ. ಅದಕ್ಕಿಂತ ಕಡಿಮೆಯಾಗಿದ್ದರೆ ಲೇತಿಗೆ ಕೊಟ್ಟು ನುಣ್ಣಗೆ ಮಾಡಿಸುವ ಮಾತೇ ಇಲ್ಲ.

ಬ್ರೇಕಿನ ಧೂಳನ್ನು ಬಾಯಿಂದ ಊದಬೇಡಿ, ಏರ್ ಹೊಡೆಸಬೇಡಿ. ಹಳೆಯ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಈಗಿನ ಧೂಳೂ ಶ್ವಾಸಕ್ಕೆ ಒಳ್ಳೆಯದಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ. ಪಿನ್ನಿಗೆ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಾಕಬೇಕು. ಸಾಮಾನ್ಯ ಗ್ರೀಸಿಗೆ ರಬ್ಬರ್ ಊದಿಕೊಂಡು ಪಿನ್ನು ಮತ್ತೆ ಕಚ್ಚುತ್ತದೆ. ಪ್ಯಾಡಿನ ಮುಖಕ್ಕೆ, ಡಿಸ್ಕಿಗೆ ಒಂದು ಹನಿ ಎಣ್ಣೆಯೂ ತಾಗಬಾರದು. ಸದ್ದು ನಿಲ್ಲಲಿ ಅಂತ ಅಲ್ಲಿಗೆ ಎಣ್ಣೆ ಬಿಡುವವರಿದ್ದಾರೆ. ಸದ್ದು ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ.

ನೋಡುವುದನ್ನೆಲ್ಲ ನೀವೇ ಮಾಡಿ. ಬ್ರೇಕಿನ ರಿಪೇರಿಯನ್ನು ಕೈ ಪಳಗಿದವರಿಗೇ ಬಿಡಿ. ನಾನು ಬೇರೊಂದು ಗ್ಯಾರೇಜಿಗೆ ಪುಸ್ತಕ ಸಮೇತ ಹೋದೆ. ಅಲ್ಲಿಯ ಮೆಕ್ಯಾನಿಕ್ ಹಿರಿಯರು. ಕನ್ನಡಕ ಏರಿಸಿಕೊಂಡು ಮೂರೂ ಸಾಲು ಓದಿ, "ಹಿಂಗೆ ಬರ್ಕೊಂಡ್ ಬಂದ್ರೆ ನಮ್ ಕೆಲ್ಸ ಅರ್ಧ ಆದಂಗೆ ಡಾಕ್ಟ್ರೇ" ಅಂದರು. ಎರಡೂ ಡಿಸ್ಕ್, ಪ್ಯಾಡ್ ಸೆಟ್, ಪಿನ್ನು ಮತ್ತು ಬೂಟುಗಳ ಕಿಟ್ ಬದಲಾಯಿತು. ಬಲಗಡೆಯ ಪಿನ್ನುಗಳನ್ನೂ ಬಿಚ್ಚಿ ಒರೆಸಿ ಗ್ರೀಸ್ ಹಾಕಿದರು. ಪ್ಯಾಡು, ಡಿಸ್ಕು ಯಾವಾಗಲೂ ಜೋಡಿಯಾಗಿಯೇ ಬದಲಾಗಬೇಕು. ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ.

ಯಾವಾಗ ಗಾಡಿ ಓಡಿಸಬಾರದು

ಪ್ರತಿ ಬ್ರೇಕಿಗೂ ಕಬ್ಬಿಣ ಕೆರೆದ ಸದ್ದು ಬಂದರೆ, ಪೆಡಲ್ ಮೆತ್ತಗಾದರೆ ಅಥವಾ ಎಂದಿಗಿಂತ ಕೆಳಗೆ ಹೋದರೆ, ಚಕ್ರದಿಂದ ಹೊಗೆ ಬಂದರೆ, ಸ್ಟೀರಿಂಗ್ ಅಥವಾ ಚಕ್ರ ಅಲ್ಲಾಡಿದ ಹಾಗಾದರೆ ಅಲ್ಲೇ ನಿಲ್ಲಿಸಿ. ಮೆಕ್ಯಾನಿಕ್ ಗಾಡಿ ಹತ್ತಿರ ಬರಲಿ, ಇಲ್ಲವೇ ಗಾಡಿ ಎತ್ತಿಕೊಂಡು ಹೋಗಲಿ. 'ಹತ್ತು ಕಿಲೋಮೀಟರ್ ಅಷ್ಟೇ, ನಿಧಾನಕ್ಕೆ ಹೋಗ್ತೀನಿ' ಅನ್ನುವುದು ಬೇಡ. ಕಾದ ಬ್ರೇಕ್ ಇಳಿಜಾರಿನಲ್ಲಿ ಕೈ ಕೊಡುತ್ತದೆ.

ರಿಪೇರಿ ಆದ ಮೇಲೆ

ಗ್ಯಾರೇಜಿನಿಂದ ಹೊರಡುವ ಮೊದಲು, ನಿಂತಲ್ಲೇ ಬ್ರೇಕ್ ಪೆಡಲನ್ನು ಗಟ್ಟಿಯಾಗುವ ತನಕ ಹತ್ತಾರು ಸಲ ಒತ್ತಿ. ಪ್ಯಾಡ್ ಹಾಕಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತಾರೆ. ಒತ್ತದೆ ಹೊರಟರೆ ಮೊದಲ ಬ್ರೇಕಿಗೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಹಗುರವಾಗಿ ಬ್ರೇಕ್ ಹಾಕಿ, ಹೊಸ ಪ್ಯಾಡು ಹೊಸ ಡಿಸ್ಕಿಗೆ ಕೂರಬೇಕು. ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿದ್ದಾರಾ ನೋಡಿ, ನೂರು ಕಿಲೋಮೀಟರ್ ಆದ ಮೇಲೆ ಪಾನಾ ಹಾಕಿ ಇನ್ನೊಮ್ಮೆ ನೋಡಿ.

ನಾನು ಮೂರು ವಾರ ಬಿಟ್ಟು ತಂಗಿಯ ಮನೆಗೆ ಹೆಬ್ರಿಗೆ ಹೊರಟೆ. ಆಗುಂಬೆ ಘಾಟಿಯ 14 ತಿರುವುಗಳನ್ನೂ ಎರಡನೇ ಗೇರಿನಲ್ಲಿ ಇಳಿದೆ. ಬಲ ತಿರುವು ಬಂದಾಗಲೆಲ್ಲ ಮಗಳು ಕಿಟಕಿ ಇಳಿಸಿ ಕೇಳಿಸಿಕೊಂಡಳು. ಕೆಳಗೆ ಸೋಮೇಶ್ವರದಲ್ಲಿ ನಿಲ್ಲಿಸಿ, ಮುಂದಿನ ಎರಡೂ ಚಕ್ರದ ಹತ್ತಿರ ಅಂಗೈ ಹಿಡಿದೆ. ಘಾಟಿ ಇಳಿದದ್ದಕ್ಕೆ ಎರಡೂ ಬಿಸಿ ಇದ್ದವು. ಎಡಕ್ಕೂ ಬಲಕ್ಕೂ ಒಂದೇ ಬಿಸಿ.